ಯೂರಿನ್ ಪೈಪ್ ನೀವೇ ಹಾಕಿಕೊಳ್ಳುವುದು ಹೇಗೆ? ಬೆನ್ನುಹುರಿಗೆ ಪೆಟ್ಟಾದವರಿಗೂ ಮನೆಯವರಿಗೂ

ಬೆನ್ನುಹುರಿಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಹತ್ತಿರ ಹೋದರೆ ಮೊದಲ ಪ್ರಶ್ನೆ ಕಾಲಿನದ್ದೇ. ಫಿಸಿಯೊ ಎಷ್ಟು ದಿನ, ಕ್ಯಾಲಿಪರ್ ಯಾವಾಗ, ಕೇರಳಕ್ಕೆ ಹೋಗಿ ಎಣ್ಣೆ ಹಚ್ಚಿಸಿದರೆ ಹೇಗೆ. ಒಂದಕ್ಕೆ ಹೋಗುವ ವಿಷಯ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಹಿಂದೆಲ್ಲ ಬೆನ್ನುಹುರಿ ಪೆಟ್ಟಿನವರ ಜೀವ ಹೋಗುತ್ತಿದ್ದುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಕಿಡ್ನಿ ಕೆಡುವುದಾಗಿತ್ತು, ಅದು ಕೆಡುತ್ತಿದ್ದುದು ಸರಿಯಾಗಿ ಖಾಲಿಯಾಗದ ಮೂತ್ರಕೋಶದಿಂದ. ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಇದನ್ನು ಕಲಿಸುವ ನರ್ಸ್ ನಾನು. ಜನ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಒಂದು ಮಾತು ಮೊದಲೇ. ಇದು ವೈದ್ಯರು 'ಸಿಐಸಿ ಮಾಡಿ' ಎಂದು ಹೇಳಿದವರಿಗೆ. ಅಂದರೆ ದಿನಕ್ಕೆ ನಾಲ್ಕಾರು ಸಲ ತೆಳು ಪೈಪ್ ಹಾಕಿ, ಮೂತ್ರ ತೆಗೆದು, ಪೈಪನ್ನೂ ತೆಗೆದುಬಿಡುವುದು. ಮೊದಲ ಸಲ ನರ್ಸ್ ಎದುರಿಗೇ ಮಾಡಿ. ಓದಿಕೊಂಡು ಶುರು ಮಾಡಬೇಡಿ.

ಒಳಗೆ ಏನಾಗಿದೆ?

ಮೂತ್ರಕೋಶದ ನರಗಳು ಬೆನ್ನುಹುರಿಯ ತೀರಾ ಕೆಳಗಿನ ಭಾಗದಿಂದ, ಎಸ್2ರಿಂದ ಎಸ್4ರವರೆಗಿನ ಮಟ್ಟದಿಂದ ಬರುತ್ತವೆ. ಪೆಟ್ಟು ಅದಕ್ಕಿಂತ ಮೇಲೆ, ಕುತ್ತಿಗೆಯಲ್ಲೋ ಎದೆಮಟ್ಟದಲ್ಲೋ ಆಗಿದ್ದರೆ ಮೂತ್ರಕೋಶ ತನ್ನಷ್ಟಕ್ಕೆ ತಾನೇ ಹಿಂಡಿಕೊಳ್ಳುತ್ತದೆ. ತೊಂದರೆ ಏನೆಂದರೆ, ಅದೇ ಹೊತ್ತಿಗೆ ಕೆಳಗಿನ ಸ್ನಾಯುವೂ ಬಿಗಿಯಾಗಿ ದಾರಿ ಮುಚ್ಚುತ್ತದೆ. ಒಳಗೆ ಒತ್ತಡ ಏರಿ ಮೂತ್ರ ಕಿಡ್ನಿ ಕಡೆಗೇ ಹಿಂದಕ್ಕೆ ನುಗ್ಗಬಹುದು. ಪೆಟ್ಟು ಸೊಂಟದ ಕೆಳಭಾಗದಲ್ಲಾದರೆ ಸಾಮಾನ್ಯವಾಗಿ ಉಲ್ಟಾ. ಚೀಲ ಸಡಿಲವಾಗಿ ಹಿಂಡುವುದೇ ಇಲ್ಲ, ತುಂಬಿ ತುಳುಕುತ್ತದೆ. 'ಬಟ್ಟೆ ಒದ್ದೆ ಆಗ್ತಾ ಇದೆಯಲ್ಲ ಸಿಸ್ಟರ್, ಹೋಗ್ತಾ ಇದೆ ಅಂತ ತಾನೇ?' ಎಂದು ಕೇಳುತ್ತಾರೆ. ಅಲ್ಲ. ಅದು ತುಳುಕಿದ್ದು. ಒಳಗೆ ಇನ್ನೂ ಅರ್ಧ ಲೀಟರ್ ಇರಬಹುದು.

ಪೆಟ್ಟಾದ ಮೊದಲ ವಾರಗಳಲ್ಲಿ ಆಸ್ಪತ್ರೆಯವರು ಫೋಲಿ, ಅಂದರೆ ಒಳಗೇ ಉಳಿಯುವ ಪೈಪ್ ಹಾಕಿ ಬ್ಯಾಗ್ ಕಟ್ಟಿರುತ್ತಾರೆ. ಆಗ ಅದು ಬೇಕು. ಆದರೆ ಕೈ ಚೆನ್ನಾಗಿ ಆಡುವವರು ಸುಮ್ನೆ ಸುಲಭ ಅಂತ ವರ್ಷಗಟ್ಟಲೆ ಫೋಲಿಯಲ್ಲೇ ಉಳಿಯುವುದು ನನಗೆ ಸುತರಾಂ ಇಷ್ಟವಿಲ್ಲ. ಕಲ್ಲು, ಪದೇಪದೇ ಸೋಂಕು, ಮೂತ್ರನಾಳ ಸೀಳುವುದು ಎಲ್ಲ ಅದರ ಹಿಂದೆ ಬರುತ್ತವೆ. ಕೈಗೆ ಬಲವಿಲ್ಲದವರ ಕಥೆ ಬೇರೆ, ಅವರಿಗೆ ಮನೆಯವರು ಹಾಕಬಹುದು ಅಥವಾ ಹೊಟ್ಟೆಯ ಕೆಳಭಾಗದಿಂದ ಹಾಕುವ ಪೈಪ್ ಬಗ್ಗೆ ವೈದ್ಯರನ್ನು ಕೇಳಬಹುದು.

ಮೊದಲು ಸಾಮಾನು

ಮೆಡಿಕಲ್ ಶಾಪ್‌ನಲ್ಲಿ 'ಪ್ಲೇನ್ ಕ್ಯಾಥೆಟರ್' ಅಥವಾ 'ನೆಲಟಾನ್' ಎಂದು ಕೇಳಿ. ಫೋಲಿ ಕೊಟ್ಟರೆ ವಾಪಸ್ ಕೊಡಿ. ದೊಡ್ಡವರಿಗೆ ಸಾಮಾನ್ಯವಾಗಿ 12 ಅಥವಾ 14 ನಂಬರ್. ಹಿಂದಿನ ತುದಿಯ ಬಣ್ಣ ನೋಡಿದರೆ ಸಾಕು: 12ಕ್ಕೆ ಬಿಳಿ, 14ಕ್ಕೆ ಹಸಿರು. ದಪ್ಪ ಹಾಕಿದರೆ ಬೇಗ ಖಾಲಿಯಾಗುತ್ತದೆ ಎಂದು 18ಕ್ಕೆ ಹೋಗುವವರಿದ್ದಾರೆ, ಬೇಡ. ಅಗ್ಗದ ಕೆಲವು ಪೈಪ್‌ಗಳ ತೂತಿನ ಅಂಚು ಒರಟಾಗಿರುತ್ತದೆ. ಹೊಸ ಕಂಪನಿಯದ್ದು ತಂದರೆ ಒಂದನ್ನು ಬಿಚ್ಚಿ ಬೆರಳಾಡಿಸಿ ನೋಡಿ, ಕೆರೆದರೆ ಆ ಕಂಪನಿ ಬಿಟ್ಟುಬಿಡಿ. ನೀರು ತಾಕಿದರೆ ಜಾರುವ ಲೇಪನದ ಪೈಪ್ ಬಹಳ ಚೆನ್ನಾಗಿರುತ್ತದೆ, ಆದರೆ ದುಬಾರಿ.

ಇದರ ಜೊತೆಗೆ ಜೆಲ್ಲಿ. ನೀರಿನಲ್ಲಿ ಕರಗುವಂಥದ್ದು, ಇಲ್ಲವೇ ವೈದ್ಯರು ಬರೆದುಕೊಟ್ಟ, ಜಾಗ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಎರಡೂ ಬೇಡವೇ ಬೇಡ. ಅಳತೆ ಗುರುತಿರುವ ಒಂದು ಜಗ್, ಹೆಂಗಸರಿಗೆ ಒಂದು ಪುಟ್ಟ ಕನ್ನಡಿ, ಒಂದು ನೋಟ್‌ಬುಕ್. ಅಷ್ಟೇ.

ಆಮೇಲೆ ಗಡಿಯಾರ

ಸೋಂಕಿಗೆ ಕಾರಣ ಪೈಪ್ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಜಾಸ್ತಿ ಪಾಲು ತುಂಬಿ ಉಬ್ಬಿದ ಮೂತ್ರಕೋಶದ್ದು. 1972ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾ. ಜ್ಯಾಕ್ ಲ್ಯಾಪಿಡಿಸ್ ಇದನ್ನೇ ಹೇಳಿದ್ದು. ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ ಸಾಕು, ಆದರೆ ಹೊತ್ತು ತಪ್ಪದೆ ಖಾಲಿ ಮಾಡಬೇಕು. ಆದ್ದರಿಂದ ಗ್ಲೌಸ್ ಮುಗಿದಿದೆ, ನಾಳೆ ತಂದ ಮೇಲೆ ಹಾಕೋಣ ಎಂದು ಒಂದು ಸಲ ಬಿಡುವುದಕ್ಕಿಂತ ಕೈ ತೊಳೆದು ಹಾಕಿಕೊಳ್ಳುವುದು ಎಷ್ಟೋ ವಾಸಿ.

ನಾಲ್ಕರಿಂದ ಆರು ಗಂಟೆಗೊಮ್ಮೆ. ಒಂದು ಸಲಕ್ಕೆ ಬರುವ ಮೂತ್ರ 500 ಮಿ.ಲೀ. ದಾಟಬಾರದು. ಮೊದಲ ಒಂದು ವಾರ ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಬಂತು ಎಂದು ಬರೆದಿಡಿ. 600, 700 ಬರುತ್ತಿದ್ದರೆ ನಡುವಿನ ಅಂತರ ಕಡಿಮೆ ಮಾಡಬೇಕು, ನೀರನ್ನಲ್ಲ. ಒದ್ದೆಯಾಗುವ ಭಯಕ್ಕೆ ನೀರು ಬಿಟ್ಟು ಕೂರುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ವೈದ್ಯರು ಬೇರೆ ಲೆಕ್ಕ ಕೊಡದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಹಗಲಿಡೀ ಸ್ವಲ್ಪಸ್ವಲ್ಪ. ಕಾಫಿಯೂ ಲೆಕ್ಕಕ್ಕೆ ಸೇರುತ್ತದೆ, ಎಳನೀರೂ ಸೇರುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆವರು ಇಲ್ಲದೆ ಮೂತ್ರ ಜಾಸ್ತಿ ಬರುತ್ತದೆ, ಬೇಸಿಗೆಯ ಟೈಮ್‌ಟೇಬಲ್ ಆಗ ನಡೆಯುವುದಿಲ್ಲ.

ರಾತ್ರಿಯದ್ದು ಇನ್ನೊಂದು ಗೋಳು. ಇಡೀ ದಿನ ವ್ಹೀಲ್‌ಚೇರ್‌ನಲ್ಲಿ ಕೂತರೆ ನೀರು ಕಾಲಿಗೆ ಇಳಿದು ಪಾದ ಊದಿಕೊಳ್ಳುತ್ತದೆ. ಮಲಗಿದ ತಕ್ಷಣ ಆ ನೀರು ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತದೆ. ಅದಕ್ಕೇ ಸಂಜೆ ಒಂದಿಷ್ಟು ಹೊತ್ತು ಕಾಲು ಎತ್ತರಕ್ಕಿಟ್ಟು ಮಲಗಿ, ನಿದ್ದೆಗೆ ಮುಂಚೆ ಪೈಪ್ ಹಾಕಿಕೊಳ್ಳಿ. ಎಂಟು ಗಂಟೆ ಮೇಲೆ ನೀರು ಮಿತವಾಗಿರಲಿ.

ಹಾಕುವುದು

ಕೈಯನ್ನೂ ಆ ಜಾಗವನ್ನೂ ಸೋಪು ನೀರಿನಲ್ಲಿ ತೊಳೆಯಿರಿ. ಡೆಟಾಲ್ ಬೇಡ, ಚರ್ಮ ಸುಡುತ್ತದೆ.

ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆದು, ಶಿಶ್ನವನ್ನು ಹೊಟ್ಟೆಯ ಕಡೆಗೆ ಮೇಲೆತ್ತಿ ನೇರ ಹಿಡಿಯಿರಿ. ಕೆಳಕ್ಕೆ ಜೋಲಾಡಿದರೆ ಒಳಗಿನ ದಾರಿಯಲ್ಲಿ ಒಂದು ತಿರುವು ಉಳಿಯುತ್ತದೆ, ಪೈಪ್ ಅಲ್ಲೇ ಕುಟ್ಟುತ್ತದೆ. ಜೆಲ್ಲಿಯಲ್ಲಿ ಕಂಜೂಸಿ ಬೇಡ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ. ಪೈಪಿನ ಮೊದಲ ಅರ್ಧಕ್ಕಾದರೂ ಚೆನ್ನಾಗಿ ಹಚ್ಚಿ. ನಿಧಾನವಾಗಿ ತಳ್ಳುತ್ತಾ ಹೋಗಿ.

ಮುಕ್ಕಾಲು ದಾರಿಯಲ್ಲಿ ಪೈಪ್ ನಿಲ್ಲುತ್ತದೆ. ಎಲ್ಲರೂ ಕೆಡಿಸುವುದು ಇಲ್ಲೇ. ಅಲ್ಲಿರುವುದು ಮೂತ್ರ ತಡೆಯುವ ಸ್ನಾಯು, ಪೈಪ್ ತಾಕಿದ ಕೂಡಲೇ ಬಿಗಿಯಾಗುತ್ತದೆ. ಹೆದರಿಕೊಂಡು ಕುಟ್ಟಿದರೆ ಇನ್ನೂ ಬಿಗಿಯಾಗುತ್ತದೆ. ಪೆಟ್ಟಾಗದವರಿಗಾದರೆ ನೋವು ಕೈ ತಡೆಯುತ್ತದೆ. ಇಲ್ಲಿ ನೋವೇ ಗೊತ್ತಾಗದಿರಬಹುದು, ಅಲ್ವಾ? ಒಳಪದರ ಹರಿದು ಪೈಪ್ ತಪ್ಪು ದಾರಿ ಕೊರೆದುಬಿಟ್ಟರೂ ರಕ್ತ ಕಂಡ ಮೇಲೇ ತಿಳಿಯುವುದು. ಹಾಗಾಗಿ ನಿಂತಲ್ಲಿ ನೀವೂ ನಿಲ್ಲಿ. ಹೊರಕ್ಕೆ ಎಳೆಯಬೇಡಿ, ಒಳಕ್ಕೆ ಜೋರಾಗಿ ನೂಕಬೇಡಿ. ಆಳವಾಗಿ ಉಸಿರೆಳೆದು ಬಿಡಿ, ಕೆಮ್ಮಿ ನೋಡಿ, ತೊಡೆ ಅದುರುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಒಂದೆರಡು ನಿಮಿಷ ಹಗುರವಾದ, ಬದಲಾಗದ ಒತ್ತಡ ಇಟ್ಟುಕೊಂಡಿದ್ದರೆ ಸ್ನಾಯು ಸೋತು ಸಡಿಲವಾಗಿ ಪೈಪ್ ತಾನೇ ಜಾರುತ್ತದೆ. ಜಾರಲಿಲ್ಲ ಅಂದರೆ ತೆಗೆದು ಅರ್ಧ ಗಂಟೆ ಬಿಟ್ಟು ನೋಡಿ. ಆಗಲೂ ಹೋಗದಿದ್ದರೆ, ರಕ್ತ ಸುರಿದರೆ, ಆಸ್ಪತ್ರೆಗೆ ಹೊರಡಿ. ಮೂತ್ರ ಶುರುವಾದ ಮೇಲೆ ಇನ್ನೂ 2-3 ಸೆಂ.ಮೀ. ಒಳಕ್ಕೆ ಕಳಿಸಿ. ಹನಿ ಕಂಡಲ್ಲೇ ನಿಲ್ಲಿಸಿದರೆ ಪೈಪಿನ ಎರಡನೇ ತೂತು ಇನ್ನೂ ನಾಳದಲ್ಲೇ ಇರುತ್ತದೆ.

ಹೆಂಗಸರಿಗೆ ದಾರಿ 4 ಸೆಂ.ಮೀ. ಅಷ್ಟೇ, ಕಷ್ಟವಿರುವುದು ಜಾಗ ಹುಡುಕುವುದರಲ್ಲಿ. ಕನ್ನಡಿ ಇಟ್ಟು, ಮುಂದಿನಿಂದ ಹಿಂದಕ್ಕೆ ಒರೆಸಿ, ಯೋನಿಯ ದ್ವಾರಕ್ಕಿಂತ ಸ್ವಲ್ಪ ಮೇಲೆ ನೋಡಿ. ತಪ್ಪಿ ಯೋನಿಗೆ ಹೋದರೆ ಆ ಪೈಪನ್ನು ಗುರುತಿಗೆ ಅಲ್ಲೇ ಬಿಟ್ಟು, ಹೊಸದನ್ನು ಅದರ ಮೇಲಿನ ತೂತಿಗೆ ಹಾಕಿ. ಒಮ್ಮೆ ತಪ್ಪಿದ್ದನ್ನೇ ತೆಗೆದು ಮತ್ತೆ ಹಾಕಬೇಡಿ.

ತೆಗೆಯುವುದು

ಅವಸರ ಇಲ್ಲೂ ಕೆಡಿಸುತ್ತದೆ. ಧಾರೆ ನಿಂತ ಕೂಡಲೇ ಸರಕ್ಕನೆ ಎಳೆದುಬಿಡುತ್ತಾರೆ, ತಳದಲ್ಲಿ ಐವತ್ತೋ ನೂರೋ ಮಿ.ಲೀ. ಉಳಿಯುತ್ತದೆ. ಸೋಂಕು ಹುಟ್ಟುವುದು ಆ ಉಳಿದದ್ದರಲ್ಲಿ. ಒಂದೊಂದೇ ಸೆಂ.ಮೀ. ಎಳೆಯಿರಿ, ಮತ್ತೆ ಹನಿಯತೊಡಗಿದರೆ ನಿಲ್ಲಿ, ನಿಂತ ಮೇಲೆ ಮತ್ತೆ ಎಳೆಯಿರಿ. ಕೊನೆಗೆ ಪೈಪಿನ ತುದಿ ಮಡಚಿ ಹಿಡಿದು ಹೊರಕ್ಕೆ ತೆಗೆಯಿರಿ, ಬಟ್ಟೆ ಮೇಲೆ ಬೀಳುವುದಿಲ್ಲ. ಮುಂದೊಗಲನ್ನು ಮರೆಯದೆ ಮುಂದಕ್ಕೆ ತನ್ನಿ, ಹಿಂದೆಯೇ ಬಿಟ್ಟರೆ ಊದಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಹಿಂಡುವ 'ಶಾರ್ಟ್‌ಕಟ್' ಬೇಡ. ಕೆಳಗೆ ಬಾಗಿಲು ಬಿಗಿಯಾಗಿದ್ದರೆ ಆ ಒತ್ತಡ ನೇರ ಕಿಡ್ನಿಗೆ.

ಪೈಪ್ ಪ್ಯಾಕೆಟ್ ಮೇಲೆ ಒಂದೇ ಸಲಕ್ಕೆ ಎಂದು ಬರೆದಿರುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ದುಡ್ಡಿನ ಕಷ್ಟಕ್ಕೆ ಮತ್ತೆ ಬಳಸುವ ಮನೆಗಳೂ ಬೇಕಾದಷ್ಟಿವೆ. ಹಾಗಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ತೆಗೆದ ತಕ್ಷಣ ಒಳಗೂ ಹೊರಗೂ ಸೋಪು ನೀರು ಹಾಯಿಸಿ, ಚೆನ್ನಾಗಿ ಜಾಲಿಸಿ, ಒಣಗಿಸಿ, ಒಣ ಡಬ್ಬಿಯಲ್ಲಿಡಿ. ದಿನವಿಡೀ ಸ್ಯಾವ್ಲಾನ್ ನೀರಿನಲ್ಲಿ ಮುಳುಗಿಸಿಡುವುದು ಬೇಡ. ಗಡುಸಾದ, ಮಂಕಾದ ಪೈಪ್ ಕಸಕ್ಕೆ. ಒಬ್ಬರದ್ದು ಇನ್ನೊಬ್ಬರಿಗೆ ಯಾವತ್ತೂ ಇಲ್ಲ.

ತಲೆ ಸಿಡಿದರೆ ಮೊದಲು ಪೈಪ್ ನೋಡಿ

ಟಿ6 (ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇದನ್ನು ಮನೆಯವರೆಲ್ಲರಿಗೂ ಹೇಳಿಡಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು, ಬಿಪಿ ಸರ್ರನೆ ಏರುವುದು. ಸಾಮಾನ್ಯವಾಗಿ ಕಾರಣ ತುಂಬಿದ ಮೂತ್ರಕೋಶ. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ, ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ನೆಟ್ಟಗೆ ಕೂರಿಸಿ, ಬೆಲ್ಟು, ಬಿಗಿ ಬಟ್ಟೆ ಸಡಿಲಿಸಿ, ಜೆಲ್ಲಿ ಹಚ್ಚಿ ಪೈಪ್ ಹಾಕಿ. ಫೋಲಿ ಇದ್ದರೆ ಟ್ಯೂಬ್ ಎಲ್ಲಿ ಮಡಚಿದೆ ನೋಡಿ. ಮಲಬದ್ಧತೆ, ಒಂದೇ ಕಡೆ ಒತ್ತಿಕೊಂಡು ಆದ ಹುಣ್ಣು, ಒಳಕ್ಕೆ ಬೆಳೆದ ಉಗುರು ಕೂಡ ಕಾರಣವಾಗಬಹುದು. ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನವರೆಗೂ ಹೋಗಬಹುದು, ತಡ ಬೇಡ.

ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂದಷ್ಟಕ್ಕೇ ಆ್ಯಂಟಿಬಯಾಟಿಕ್ ನುಂಗಬೇಡಿ. ಪೈಪ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಜ್ವರ, ನಡುಕ, ಕಾಲಿನ ಸೆಟೆತ ಏಕಾಏಕಿ ಹೆಚ್ಚಾಗುವುದು, ಇದ್ದಕ್ಕಿದ್ದ ಹಾಗೆ ಸೋರುವುದು, ಇವು ಬಂದರೆ ಮೂತ್ರದ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಎಂದು ನೋಡುವ ಪರೀಕ್ಷೆ) ಮಾಡಿಸಿ ಔಷಧ ತೆಗೆದುಕೊಳ್ಳಿ. ಒಂದು ಸಲ ಪೈಪ್ ಹಾಕಿ ಇನ್ನೊಂದು ಸಲ ಹಾಕುವ ನಡುವೆಯೂ ಸೋರುತ್ತಿದ್ದರೆ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್‌ನಂಥ ಮಾತ್ರೆಗಳಿವೆ, ಬಾಯಿ ಒಣಗಿಸುತ್ತವೆ, ಮಲ ಗಟ್ಟಿಮಾಡುತ್ತವೆ. ಅದೂ ಸಾಲದಿದ್ದರೆ ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚುತ್ತಾರೆ.

ಹೊರಗೆ ಹೋಗುವಾಗ ಗಂಟೆ ನೋಡಿ ಹೊರಡಿ. ಸಿಲ್ಕ್ ಬೋರ್ಡ್ ದಾಟುವುದಿದ್ದರೆ ಮನೆಯಲ್ಲೇ ಖಾಲಿ ಮಾಡಿಕೊಂಡು ಹೊರಡುವುದು ನನ್ನ ಖಡಕ್ ಸಲಹೆ, 'ತಲುಪಿದ ಮೇಲೆ ನೋಡೋಣ' ಎಂಬುದು ಈ ಊರಿನಲ್ಲಿ ನಡೆಯುವ ಮಾತಲ್ಲ. ವ್ಹೀಲ್‌ಚೇರ್ ನುಗ್ಗುವ ಶೌಚಾಲಯ ಸಿಗದಿದ್ದರೆ ಕಾರಿನಲ್ಲೇ, ಪೈಪಿನ ತುದಿಗೆ ಒಂದು ಯೂರಿನ್ ಬ್ಯಾಗ್ ಸಿಕ್ಕಿಸಿಕೊಂಡು ಮಾಡಬಹುದು. ಎರಡು ಪೈಪ್ ಹೆಚ್ಚಿಗೆ ಇರಲಿ.

ವರ್ಷಕ್ಕೊಮ್ಮೆ ಕಿಡ್ನಿ, ಮೂತ್ರಕೋಶದ ಸ್ಕ್ಯಾನ್. ಮೂತ್ರಕೋಶದೊಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಯಾವಾಗ ಬೇಕು ಎಂದು ಯೂರಾಲಜಿಸ್ಟರನ್ನು ನೀವಾಗಿಯೇ ಕೇಳಿ, ಅವರು ಹೇಳಲಿ ಎಂದು ಕಾಯಬೇಡಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ, ವಿಕ್ಟೋರಿಯಾ ಆವರಣದಲ್ಲಿ ನೆಫ್ರೊ-ಯೂರಾಲಜಿ ಸಂಸ್ಥೆಯಿದೆ. ರಕ್ತದಲ್ಲಿ ಕ್ರಿಯಾಟಿನಿನ್ ನಾರ್ಮಲ್ ಬಂತು ಎಂದು ಸ್ಕ್ಯಾನ್ ಬಿಡುವವರಿಗೆ ಒಂದು ಮಾತು: ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ, ಕಾಲಿನ ಮಾಂಸ ಕರಗಿದವರಲ್ಲಿ ಅದು ಹೇಗೂ ಕಡಿಮೆಯೇ ಇರುತ್ತದೆ, ಕಿಡ್ನಿ ಸೋಲುತ್ತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಕಾಣಬಹುದು. ಸ್ಕ್ಯಾನ್ ಮಾಡಿಸಿ.