ಅಪ್ಪನ ಇನ್‌ಬಾಕ್ಸ್‌ನಿಂದ ಸ್ಪ್ಯಾಮ್ ಓಡಿಸಿದ್ದು

ಅಪ್ಪನ ಇಮೇಲ್ ವಿಳಾಸ ತುಂಬಾ ಹಳೆಯದು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಲಾಟರಿ, ಸಾಲ, ತೂಕ ಇಳಿಸುವ ಮಾತ್ರೆ, ಬರೀ ಇವೇ. ಅಕ್ಕ ಕಳಿಸಿದ ಮಗುವಿನ ನಾಮಕರಣದ ಫೋಟೊ ಇದರ ಮಧ್ಯೆ ಮೂರು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಅಪ್ಪ ತುಂಬಾ ಬೇಜಾರು ಮಾಡಿಕೊಂಡರು.

ಮೊದಲು ದುಡ್ಡು ಕೊಟ್ಟು ಕೊಳ್ಳುವ ಫಿಲ್ಟರ್ ಒಂದನ್ನು ಹಾಕಿ ನೋಡಿದೆ. ಗೊತ್ತಿಲ್ಲದವರ ಮೇಲ್ ಬಂದರೆ ಅದು 'ನೀವು ಯಾರು, ಖಚಿತಪಡಿಸಿ' ಅಂತ ಉತ್ತರ ಕಳಿಸುತ್ತಿತ್ತು, ಅವರು ಖಚಿತಪಡಿಸಿದರೆ ಮಾತ್ರ ಮೇಲ್ ಒಳಗೆ ಬಿಡುತ್ತಿತ್ತು. ಬ್ಯಾಂಕಿನಿಂದ ತಾನಾಗಿಯೇ ಬರುವ ಮೇಲ್ ಇದಕ್ಕೆ ಉತ್ತರ ಕೊಡೋದಿಲ್ಲ, ಅಲ್ವಾ? ಸ್ಪ್ಯಾಮ್ ಕಳಿಸುವವರು ಬೇರೆಯವರ ವಿಳಾಸ ಹಾಕಿರುತ್ತಾರೆ. ಹಾಗಾಗಿ ಆ ಪ್ರಶ್ನೆ ಹೋಗೋದು ಏನೂ ಅರಿಯದ ಇನ್ಯಾರಿಗೋ. ಅದನ್ನು ತೆಗೆದುಹಾಕಿದೆ.

ಕೊನೆಗೆ ಥಂಡರ್‌ಬರ್ಡ್ ಅನ್ನುವ ಇಮೇಲ್ ತಂತ್ರಾಂಶ ಹಾಕಿದೆ. ಉಚಿತ, ಫಿಲ್ಟರ್ ಅದರೊಳಗೇ ಇದೆ. ಯಾವ ಪದ ಕಸದ ಮೇಲ್‌ನಲ್ಲಿ ಜಾಸ್ತಿ, ಯಾವುದು ನಮ್ಮವರ ಮೇಲ್‌ನಲ್ಲಿ ಜಾಸ್ತಿ ಅಂತ ಲೆಕ್ಕ ಹಾಕಿ ಅದು ತೀರ್ಮಾನಿಸುತ್ತೆ. ಅಂದರೆ ನಾವು ಕಲಿಸಬೇಕು. ಇಲ್ಲೇ ನಾನು ಎಡವಿದ್ದು. ಕಸವನ್ನಷ್ಟೇ ಗುರುತಿಸುತ್ತಾ ಹೋದೆ. ಒಳ್ಳೆಯ ಮೇಲ್‌ಗಳನ್ನೂ ಆರಿಸಿ 'ಇದು ಕಸ ಅಲ್ಲ' ಅಂತ ಹೇಳಿಕೊಡಬೇಕು. ಕೀಬೋರ್ಡಿನಲ್ಲಿ ಜೆ ಒತ್ತಿದರೆ ಕಸ, ಶಿಫ್ಟ್ ಜೊತೆ ಜೆ ಒತ್ತಿದರೆ ಒಳ್ಳೆಯದು. ಅಪ್ಪನಿಗೆ ಇದು ಒಂದೇ ಸಂಜೆಯಲ್ಲಿ ಬಂತು.

ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಟಿಕ್ ಹಾಕಿದೆ: ವಿಳಾಸ ಪುಸ್ತಕದಲ್ಲಿ ಇರುವವರ ಮೇಲ್ ಕಸಕ್ಕೆ ಹೋಗಬಾರದು. ಅಕ್ಕನ ವಿಳಾಸ ಮೊದಲು ಸೇರಿಸಿದ್ದು ಅಪ್ಪನೇ. ಕಸದ ಫೋಲ್ಡರ್ ತಾನಾಗಿ ಖಾಲಿಯಾಗದ ಹಾಗೆ ಬಿಟ್ಟಿದ್ದೇನೆ. ಭಾನುವಾರ ಇಬ್ಬರೂ ಕೂತು ಅದನ್ನು ನೋಡುತ್ತೇವೆ. ಹೋದ ವಾರ ಅದರಲ್ಲಿ ವಿಮೆಯ ರಸೀದಿ ಒಂದು ಸಿಕ್ಕಿತು, ಶಿಫ್ಟ್ ಹಿಡಿದು ಜೆ ಒತ್ತಿದೆವು.