ಮರ ಹತ್ತುವ ಸಾಮಾನಿಗೆ ನಾನು ಬ್ಯಾಗ್ ಆರಿಸಿಕೊಂಡ ಬಗೆ

ಆಲ, ಬಸರಿ, ಅತ್ತಿ ಹಣ್ಣು ಬಿಟ್ಟಾಗ ಮರದ ಕೆಳಗೆ ನಿಂತು ಫೋಟೋ ತೆಗೆದರೆ ಸಿಗುವುದು ಹಕ್ಕಿಯ ಹೊಟ್ಟೆ, ಅದರ ಹಿಂದೆ ಬೆಳ್ಳಗಿನ ಆಕಾಶ, ಅಷ್ಟೇ. ಕುಟ್ರುಹಕ್ಕಿಯ ಕಣ್ಣು ಕಾಣಬೇಕು, ಮಂಗಟ್ಟೆ ಹಣ್ಣನ್ನು ಕೊಕ್ಕಿನ ತುದಿಯಿಂದ ಎಸೆದು ಗಂಟಲಿಗೆ ಹಾಕಿಕೊಳ್ಳುವುದು ಕಾಣಬೇಕು ಅಂದರೆ ನಾವೂ ಅದರ ಎತ್ತರಕ್ಕೆ ಹೋಗಬೇಕು. ಅದಕ್ಕೇ ನಾನು ಹಣ್ಣಿನ ಮರ ಬಿಟ್ಟು ಅದರ ಪಕ್ಕದ ಮರ ಹತ್ತಿ ಕೂರುತ್ತೇನೆ. ದಾವಣಗೆರೆಯಿಂದ ಬೈಕಿನಲ್ಲಿ ಹೊರಟು ಚನ್ನಗಿರಿ ಕಡೆಯ ತೋಟಗಳಿಗೆ, ಹೊಳಲ್ಕೆರೆ ಕಡೆಯ ಹುಣಸೆ ತೋಪುಗಳಿಗೆ, ಜಗಳೂರು ಕಡೆ ಹೊಲದ ಬದುವಿನಲ್ಲಿರುವ ಒಂಟಿ ಮರಗಳಿಗೆ ಹೋಗುತ್ತೇನೆ. ಹಗ್ಗ, ಹಾರ್ನೆಸ್ (ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು), ಹೆಲ್ಮೆಟ್, ಕ್ಯಾಮೆರಾ, ನೀರು ಎಲ್ಲವೂ ಒಂದೇ ಬ್ಯಾಗಿನಲ್ಲಿ ಬರಬೇಕು. ಆ ಬ್ಯಾಗ್ ಹೇಗೆ ಆರಿಸಿದೆ ಅನ್ನುವುದನ್ನು ಬರೆಯುತ್ತೇನೆ.

ಈ ಬಗ್ಗೆ ಓದಲು ಹೋದರೆ ಸಿಗುವುದೆಲ್ಲ ಹೆಚ್ಚಾಗಿ ಅಮೆರಿಕದ ಬೇಟೆಗಾರರು ಬರೆದದ್ದು. ಅಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಇದೆ, ಇಂತಿಷ್ಟು ತಿಂಗಳು ಅಂತ ಸೀಸನ್ ಇದೆ. ಅವರು ಬೆಳಗಿನ ಜಾವವೇ ಮರ ಹತ್ತಿ, ಸೊಂಟಕ್ಕೆ ಕಟ್ಟಿದ ಹಾರ್ನೆಸ್ಸಿನಲ್ಲಿ ಒರಗಿಕೊಂಡು ಗಂಟೆಗಟ್ಟಲೆ ಕಾಯುತ್ತಾರೆ. ನಮ್ಮಲ್ಲೂ ಹಿಂದೆ ಬೇಟೆಗೆ ಮರೆಯಲ್ಲಿ ಕೂತು ಕಾಯುತ್ತಾ ಮರಸು ಕೂರುತ್ತಿದ್ದರಲ್ಲ, ಕೆಲಸ ಅದೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಲ್ಲಿ ಬೇಟೆ ಅಪರಾಧ, ಆಗಬೇಕಾದ್ದೂ ಅದೇ. ಆದರೆ ಸದ್ದಿಲ್ಲದೆ ಮರದಲ್ಲಿ ಕೂತು ಕಾಯುವ ವಿದ್ಯೆ ಬೇಟೆಗಾರನಿಗೂ ಕ್ಯಾಮೆರಾ ಹಿಡಿದವನಿಗೂ ಒಂದೇ. ಅವರ ಬ್ಯಾಗಿನಿಂದ ಸದ್ದು ತಡೆಯುವ ಉಪಾಯಗಳನ್ನೆಲ್ಲ ನಾನು ತೆಗೆದುಕೊಂಡೆ. ಕಾಂಡಕ್ಕೆ ಕಟ್ಟಿ ಹತ್ತುವ ಮೆಟ್ಟಿಲುಗಳು, ಕಾಲಿಡುವ ಲೋಹದ ಹಲಗೆ, ಅವನ್ನೆಲ್ಲ ಹೊರಗೆ ಕಟ್ಟಿಕೊಳ್ಳಲು ಬ್ಯಾಗಿಗೆ ಇರುವ ಚೌಕಟ್ಟು, ಇವು ನನಗೆ ಬೇಡ. ನಾನು ಕೊಂಬೆಯ ಮೇಲೆ ಹಗ್ಗ ದಾಟಿಸಿ ಹತ್ತುವವನು.

ಬ್ಯಾಗ್ ನೋಡುವ ಮೊದಲು ಸಾಮಾನನ್ನು ತೂಗಿದೆ. ನನ್ನದು 11 ಎಂಎಂ ದಪ್ಪದ ಸ್ಟ್ಯಾಟಿಕ್ ಹಗ್ಗ, ಅಂದರೆ ಭಾರಕ್ಕೆ ಹೆಚ್ಚು ಹಿಗ್ಗದ್ದು. ಅದು ಮೀಟರಿಗೆ ಸುಮಾರು 75 ಗ್ರಾಂ, 30 ಮೀಟರಿಗೆ ಎರಡೂ ಕಾಲು ಕೆಜಿ ಆಗುತ್ತದೆ. ಹಾರ್ನೆಸ್ ಒಂದೂವರೆ ಕೆಜಿ ಹತ್ತಿರ. ಕ್ಯಾರಬೈನರ್‌ಗಳು (ಬಾಯಿ ತೆರೆಯುವ ಲೋಹದ ಕೊಂಡಿಗಳು), ಹಗ್ಗ ಹಿಡಿದು ಮೇಲೇರುವ ಜೂಮರ್, ಇಳಿಯುವ ಸಾಧನ, ಹೆಲ್ಮೆಟ್, ಹಗ್ಗ ದಾಟಿಸಲು ಎಸೆಯುವ ಸಣ್ಣ ದಾರ ಮತ್ತು ಅದರ ಮರಳಿನ ಚೀಲ, ಎಲ್ಲ ಸೇರಿ ಇನ್ನೆರಡು ಕೆಜಿ. ಕ್ಯಾಮೆರಾ ಮತ್ತು 600 ಎಂಎಂವರೆಗಿನ ಜೂಮ್ ಲೆನ್ಸ್ ಮೂರು ಕೆಜಿ. ಎರಡು ಲೀಟರ್ ನೀರು ಎರಡು ಕೆಜಿ. ಒಟ್ಟು ಹನ್ನೊಂದು ಕೆಜಿ ಬಿಡಿ. ಕ್ಯಾರಬೈನರ್ ಸ್ಟೀಲಿನದಾದರೆ ಒಂದೊಂದಕ್ಕೂ ನೂರು ಗ್ರಾಂಗಿಂತ ಜಾಸ್ತಿ ಏರುತ್ತದೆ. ಎಷ್ಟು ಬಲ ತಡೆಯುತ್ತದೆ ಅಂತ ಹೇಳುವ 22 ಕೆಎನ್ (ಕಿಲೋನ್ಯೂಟನ್) ಗುರುತಿರುವ ಅಲ್ಯೂಮಿನಿಯಂನದು ಈ ಕೆಲಸಕ್ಕೆ ಸಾಕು. ಅದರ ಬಾಯಿಗೆ ಲಾಕ್ ಮಾತ್ರ ಇರಲೇಬೇಕು.

ಆಮೇಲೆ ಅಷ್ಟೂ ಸಾಮಾನನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಅಂಗಡಿಗೇ ಹೋದೆ. ಅಂಗಡಿಯವರು ಬ್ಯಾಗಿಗೆ ಪೇಪರ್ ತುರುಕಿ ಉಬ್ಬಿಸಿ ಇಟ್ಟಿರುತ್ತಾರೆ. ಅದನ್ನು ಬೆನ್ನಿಗೆ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೇಪರ್ ತೆಗೆಸಿ ನನ್ನ ಸಾಮಾನು ತುಂಬಿಸಿ, ಅಂಗಡಿ ಮೆಟ್ಟಿಲನ್ನು ಹತ್ತಿ ಇಳಿದು, ಬಗ್ಗಿ, ಹೊರಗೆ ನಿಲ್ಲಿಸಿದ್ದ ಬೈಕಿನ ಮೇಲೂ ಕೂತು ನೋಡಿದೆ. ಬೈಕಿನ ಮೇಲೆ ಕೂರುವುದು ಮುಖ್ಯ. ಬ್ಯಾಗ್ ತಲೆಗಿಂತ ಎತ್ತರ ಇದ್ದರೆ ಹೆಲ್ಮೆಟ್ ಹಾಕಿದಾಗ ಕುತ್ತಿಗೆ ಎತ್ತಲು ಆಗುವುದಿಲ್ಲ. ಉದ್ದ ಜಾಸ್ತಿಯಾದರೆ ಬುಡ ಸೀಟಿಗೆ ತಾಗಿ, ರಸ್ತೆಯ ಪ್ರತಿ ಉಬ್ಬಿಗೂ ಬೆಲ್ಟು ಭುಜದಿಂದ ಮೇಲೇಳುತ್ತದೆ.

ಬೆನ್ನಿನ ಅಳತೆ ಮನೆಯಲ್ಲೇ ಮಾಡಿಸಿಕೊಂಡಿದ್ದೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದಲ್ಲ, ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿದು ಅಳೆಯಬೇಕು. ಬ್ಯಾಗಿನ ಸೊಂಟದ ಪಟ್ಟಿ ಆ ಮೂಳೆಯ ಮೇಲೆ ಕೂತರೆ ಭಾರದ ಬಹುಪಾಲು ಕಾಲಿಗೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಕೂತರೆ ಎಲ್ಲವೂ ಭುಜಕ್ಕೇ. ಹತ್ತುವುದು ತೋಳಿನ ಕೆಲಸ, ಹಾಗಾಗಿ ಮರದ ಬುಡ ತಲುಪುವಾಗ ಭುಜ ಸೋತಿರಬಾರದು. ಸುಮ್ನೆ ಅಂದಕ್ಕೆ ಇಟ್ಟ ತೆಳ್ಳನೆಯ ಸೊಂಟದ ಪಟ್ಟಿಯ ಬ್ಯಾಗುಗಳನ್ನು ನಾನು ಕೈಗೂ ತೆಗೆದುಕೊಳ್ಳಲಿಲ್ಲ.

ಲೀಟರ್ ಲೆಕ್ಕಕ್ಕೆ ಹೇಳುವುದಾದರೆ 40ರ ಆಸುಪಾಸು ಸಾಕು. ಎಲ್ಲರೂ ಮೊದಲು ಕೇಳುವುದು ಅದನ್ನೇ. ಆದರೆ ಬ್ಯಾಗ್ ಎಲ್ಲಿಂದ, ಹೇಗೆ ತೆರೆಯುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡದು. ನಾನು ಮರದ ಬುಡ ಮುಟ್ಟುವುದು ಇನ್ನೂ ಕತ್ತಲಿರುವಾಗ. ಮೊದಲು ಕೈಗೆ ಸಿಗಬೇಕಾದದ್ದು ಎಸೆಯುವ ದಾರ. ಆಮೇಲೆ ಹಗ್ಗ, ಆಮೇಲೆ ಹೆಲ್ಮೆಟ್ಟು ಹಾರ್ನೆಸ್ಸು. ಕ್ಯಾಮೆರಾ ಕೊನೆಗೆ, ಅದೂ ಮೇಲೆ ಕೂತ ನಂತರ. ಮೇಲುಗಡೆ ಮಾತ್ರ ಬಾಯಿರುವ ಬ್ಯಾಗಿನಲ್ಲಿ ತಳದ ವಸ್ತು ಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕು. ಮರದ ಮೇಲೆ ಎಲ್ಲಿಗೆ ಸುರಿಯುವುದು? ಅದಕ್ಕೇ ಮುಂಭಾಗದ ಜಿಪ್ ಎಳೆದರೆ ಬೀರುವಿನ ಬಾಗಿಲ ಹಾಗೆ ಪೂರ್ತಿ ತೆರೆಯುವ ಬ್ಯಾಗ್ ಆರಿಸಿದೆ. ಅದರ ಜಿಪ್ಪು ಎರಡೂ ಕಡೆಯಿಂದ ಓಡುತ್ತದೆ, ಹಾಗಾಗಿ ಬೇಕಾದಷ್ಟೇ ತೆರೆದು ಕೈ ಹಾಕಬಹುದು. ಕ್ಯಾಮೆರಾ ಬೆನ್ನಿಗೆ ಒತ್ತಿಕೊಂಡು ನಡುವೆ ಕೂರುತ್ತದೆ, ಅದರ ಮೇಲೆ ಹಗ್ಗ. ಭಾರವಾದದ್ದು ಬೆನ್ನಿಗೆ ಹತ್ತಿರ ಇದ್ದಷ್ಟೂ ನಡೆಯುವಾಗ ಹಿಂದಕ್ಕೆ ಎಳೆಯುವುದಿಲ್ಲ.

ಬ್ಯಾಗನ್ನು ಹೊತ್ತುಕೊಂಡು ನಾನು ಮರ ಹತ್ತುವುದಿಲ್ಲ. ಹತ್ತಿ, ಹಾರ್ನೆಸ್ಸನ್ನು ಕೊಂಬೆಗೆ ಭದ್ರ ಮಾಡಿಕೊಂಡು, ಆಮೇಲೆ ಬೇರೆ ದಾರದಲ್ಲಿ ಬ್ಯಾಗನ್ನು ಎಳೆದುಕೊಳ್ಳುತ್ತೇನೆ. ಇಲ್ಲಿ ಬ್ಯಾಗಿನ ನೆತ್ತಿಯ ಕುಣಿಕೆ ನೋಡಬೇಕು. ಅಗಲವಾದ ಪಟ್ಟಿ, ಬೆನ್ನಿನ ಹಲಗೆಯ ತನಕ ಇಳಿದಿರುವ ಹೊಲಿಗೆ ಇದ್ದರೆ ಒಳ್ಳೆಯದು. ಆದರೂ ಅದೊಂದನ್ನೇ ನಂಬದೆ, ದಾರವನ್ನು ಎರಡೂ ಭುಜದ ಬೆಲ್ಟುಗಳ ಮೂಲಕ ದಾಟಿಸಿ ಕಟ್ಟುತ್ತೇನೆ. ಕುಣಿಕೆ ಕಿತ್ತು ಹನ್ನೊಂದು ಕೆಜಿ ಕೆಳಗೆ ನಿಂತವರ ತಲೆ ಮೇಲೆ ಬಿದ್ದರೆ ಏನಾಗುತ್ತದೆ ಯೋಚಿಸಿ. ನನ್ನ ಜೊತೆ ಯಾವಾಗಲೂ ಇನ್ನೊಬ್ಬರು ಕೆಳಗೆ ಇರುತ್ತಾರೆ, ಒಬ್ಬನೇ ಹತ್ತುವುದಿಲ್ಲ. ಎಳೆಯುವಾಗ ಅವರು ದೂರ ನಿಲ್ಲುತ್ತಾರೆ. ಚಿತ್ರದುರ್ಗದ ಕಡೆ ಗಾಳಿ ಹೇಗೆ ಅಂತ ಜೋಗಿಮಟ್ಟಿ ಸುತ್ತಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಆ ಗಾಳಿಗೆ ಬ್ಯಾಗ್ ತಿರುಗಿ ತಿರುಗಿ ಕಾಂಡಕ್ಕೆ ಬಡಿಯುತ್ತದೆ. ಬದಿಯ ಬಿಗಿಪಟ್ಟಿಗಳನ್ನು ಪೂರ್ತಿ ಎಳೆದು ಬ್ಯಾಗನ್ನು ಚಪ್ಪಟೆ ಮಾಡಿದರೆ ಅದು ಕಡಿಮೆಯಾಗುತ್ತದೆ.

ಇನ್ನು ಸದ್ದು. ಲೋಹಕ್ಕೆ ಲೋಹ ತಾಗಿದ ಒಂದು ಟಿಂಗ್ ಸಾಕು, ಹಣ್ಣು ತಿನ್ನುತ್ತಿದ್ದ ಹಿಂಡು ಎದ್ದು ಹೋಗುತ್ತದೆ. ಕ್ಯಾರಬೈನರ್‌ಗಳನ್ನು ಹಳೆಯ ಕಾಲುಚೀಲಗಳಲ್ಲಿ ಹಾಕಿಡುತ್ತೇನೆ. ವೆಲ್ಕ್ರೋ ಇರುವ ಜೇಬು ಬೇಡವೇ ಬೇಡ, ಹಕ್ಕಿ ಬಂದು ಕೂತ ಮೇಲೆ ಅದನ್ನು ಬಿಚ್ಚುವಂತೆಯೇ ಇಲ್ಲ. ಜಿಪ್ಪು ಎಳೆಯುವ ಲೋಹದ ಹಿಡಿಗಳನ್ನು ಕತ್ತರಿಸಿ ದಾರದ ಕುಣಿಕೆ ಹಾಕಿಕೊಂಡೆ. ಬಟ್ಟೆಯನ್ನೂ ಉಗುರಿನಿಂದ ಗೀಚಿ ನೋಡಬೇಕು. ಕೆಲವು ಬಟ್ಟೆ ಚರಪರ ಅನ್ನುತ್ತವೆ, ಕೆಲವು ಸುಮ್ಮನಿರುತ್ತವೆ.

ನಮ್ಮ ಕಡೆಯ ಮುಳ್ಳಿಗೆ ಬಲೆಯ ಹೊರಜೇಬುಗಳು ತಡೆಯುವುದಿಲ್ಲ. ಜಗಳೂರಿನ ಬಳ್ಳಾರಿ ಜಾಲಿ, ಎಲ್ಲ ಕಡೆಯ ಲಂಟಾನ, ಎರಡೂ ಬಲೆಯನ್ನು ಹಿಡಿದು ಹರಿಯುತ್ತವೆ. ಮಳೆಗಾಲ ಮುಗಿದ ಮೇಲೆ ಉತ್ತರಾಣಿ ಬೀಜ ಬೇರೆ ಅದರ ತುಂಬ ಅಂಟಿಕೊಳ್ಳುತ್ತದೆ. ಹೊರಗೆ ನುಣ್ಣಗಿರುವ, ಜೇಬೆಲ್ಲ ಒಳಗಿರುವ ಬ್ಯಾಗೇ ವಾಸಿ. ಬುಡಕ್ಕೆ ದಪ್ಪನೆಯ ರಬ್ಬರಿನಂಥ ಲೇಪ ಇರಲಿ, ಎರೆ ಮಣ್ಣು ಹಸಿಯಿದ್ದಾಗ ಎಲ್ಲಿ ಇಟ್ಟರೂ ಮೆತ್ತಿಕೊಂಡು ಬರುತ್ತದೆ. ಹಗ್ಗಕ್ಕಂತೂ ಮಣ್ಣು ತಾಗಲೇಬಾರದು. ಸಣ್ಣ ಮರಳಿನ ಹರಳು ನೂಲಿನ ಒಳಗೆ ಸೇರಿ, ಪ್ರತಿ ಸಲ ಭಾರ ಬಿದ್ದಾಗಲೂ ಎಳೆಗಳನ್ನು ಕುಯ್ಯುತ್ತದೆ. ಹಾಗಾಗಿ ಹಗ್ಗಕ್ಕೆ ಪ್ರತ್ಯೇಕ ಬಟ್ಟೆ ಚೀಲ, ಕೆಳಗೆ ಹಾಸಲು ಒಂದು ತುಂಡು ಟಾರ್ಪಾಲು. ಹಗ್ಗವನ್ನು ಸುತ್ತಿಡುವುದಿಲ್ಲ. ಒಂದು ತುದಿಯಿಂದ ಹಾಗೇ ತುಂಬುತ್ತಾ ಹೋದರೆ ಎಳೆಯುವಾಗ ಗಂಟಾಗದೆ ಬರುತ್ತದೆ.

ಬಣ್ಣದ ವಿಷಯ ಸ್ವಲ್ಪ ಬೇರೆ. ಮಿಲಿಟರಿ ಬಟ್ಟೆಯ ಚಿತ್ತಾರದ ಬ್ಯಾಗ್ ಹಕ್ಕಿಯ ಕಣ್ಣಿಗೆ ಮರೆಯಾದರೂ ಊರಿನವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನಸುಕಿಗೆ ಹಗ್ಗ ಹೊತ್ತು ಚನ್ನಗಿರಿಯ ತೋಟಕ್ಕೆ ಕಾಲಿಟ್ಟವನನ್ನು ಯಾರಾದರೂ ಕಳ್ಳ ಅಂದುಕೊಂಡರೆ ಅದು ಅವರ ತಪ್ಪಲ್ಲ. ವರ್ಷದ ದುಡಿಮೆ ಮರದ ಮೇಲಿರುತ್ತದೆ. ಹಿಂದಿನ ದಿನವೇ ತೋಟದ ಯಜಮಾನರಿಗೆ ಫೋನ್ ಮಾಡುತ್ತೇನೆ. ‘ಅಣ್ಣಾ, ನಾಳೆ ಬೆಳಿಗ್ಗೆ ಬೇಲಿ ಪಕ್ಕದ ಮಾವಿನ ಮರದಲ್ಲಿ ಇರುತ್ತೀನಿ’ ಅಂತ ಹೇಳುತ್ತೇನೆ. ಪಕ್ಕದ ತೋಟದವರಿಗೂ ಹೇಳಿ ಅಂತ ಕೇಳಿಕೊಳ್ಳುತ್ತೇನೆ. ಬ್ಯಾಗ್ ಮಾಸಲು ಹಸಿರು ಬಣ್ಣದ್ದು, ಅಷ್ಟು ಸಾಕು. ಕಾಡಿನೊಳಗೆ, ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಂಥ ಕಡೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಈ ಬ್ಯಾಗ್ ಹೊತ್ತು ಹೋಗಲೇಬಾರದು. ಗೂಡಿರುವ ಮರವನ್ನೂ ಹತ್ತಬಾರದು. ಹೆಜ್ಜೇನು ಕಟ್ಟಿದ್ದರೆ ಆ ಮರದ ಹತ್ತಿರವೂ ಸುಳಿಯುವುದಿಲ್ಲ. ನುಗ್ಗೆ, ಹಾಲವಾಣ, ಗುಲ್‌ಮೊಹರ್ ಕೊಂಬೆ ಥಟ್ಟನೆ ಮುರಿಯುತ್ತವೆ, ಅವಕ್ಕೆ ಹಗ್ಗ ಹಾಕುವುದಿಲ್ಲ.

ಮನೆಗೆ ಬಂದ ಮೇಲೆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ತಲೆಕೆಳಗೆ ಕೊಡವಿ, ನೆರಳಿನಲ್ಲಿ ನೇತುಹಾಕುತ್ತೇನೆ. ಮಾವಿನ ಮರದಿಂದ ಬಂದಿದ್ದರೆ ಕೆಂಜಿಗ ಒಳಗೇ ಉಳಿದಿರುತ್ತವೆ. ಹಗ್ಗ, ಹಾರ್ನೆಸ್ ಬಿಸಿಲಿಗೆ ಹಾಕಬೇಡಿ, ನೈಲಾನ್ ಬಿಸಿಲಿಗೆ ಸೊರಗುತ್ತದೆ. ಯುಪಿಎಸ್ ಬ್ಯಾಟರಿ ಇಟ್ಟಿರುವ ಮೂಲೆಯಲ್ಲೂ ಇಡಬೇಡಿ. ಆಸಿಡ್ ತಾಗಿದ ಹಗ್ಗ ನೋಡಲು ಸರಿಯಾಗಿಯೇ ಇರಬಹುದು, ಬಲ ಹೋಗಿರುತ್ತದೆ. ಬ್ಯಾಗಿನ ಜಿಪ್ಪು ಕೆಟ್ಟರೆ, ಬೆಲ್ಟು ಬಿಟ್ಟರೆ ಪೇಟೆಯಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹಾಕಿಸಿಕೊಳ್ಳಬಹುದು. ಹಾರ್ನೆಸ್ಸಿನ ಹೊಲಿಗೆ ಒಂದೆಳೆ ಬಿಟ್ಟರೂ ರಿಪೇರಿಗೆ ಕೊಡಬೇಡಿ. ಅದನ್ನು ಕತ್ತರಿಸಿ ಎಸೆದು, ಐಎಸ್ 3521 (ಹಾರ್ನೆಸ್ಸಿನ ಭಾರತೀಯ ಮಾನದಂಡ) ಗುರುತಿರುವ ಹೊಸದನ್ನೇ ತನ್ನಿ.