ಪಿಕಿಯಾ ಕೈಲಿ ಹಾಲಿನ ಪ್ರೋಟೀನ್ ಮಾಡಿಸಿದ ನನ್ನ ಅನುಭವ

ಹಾಲಿನ ಪ್ರೋಟೀನಿನ ಜೀನನ್ನ ಪಿಕಿಯಾ ಅನ್ನೋ ಯೀಸ್ಟಿಗೆ ಸೇರಿಸಿ, ಅದರ ಕೈಲೇ ಪ್ರೋಟೀನ್ ಮಾಡಿಸೋದು ನಮ್ಮ ಕೆಲಸ. ಆ ಜೀನಿನ ಎರಡೇ ಕಾಪಿ ಇರೋ ಕ್ಲೋನ್ (ಯೀಸ್ಟ್ ತಳಿ) ಸಾಕು ಅಂದಾಗ ಯಾರೂ ಒಪ್ಪಿರ್ಲಿಲ್ಲ. ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಅನ್ನೋ ಈ ಹಾಲಿನ ಪ್ರೋಟೀನು ಪುಟ್ಟದು, 162 ಅಮೈನೋ ಆಸಿಡ್ಡು, ಕಾಪಿ ಜಾಸ್ತಿ ತುರುಕಿದಷ್ಟೂ ಜಾಸ್ತಿ ಬರುತ್ತೆ ಅನ್ನೋದೇ ಎಲ್ರ ಲೆಕ್ಕ. ನಾವೂ ಝಿಯೋಸಿನ್ (ಜಾಸ್ತಿ ಕಾಪಿ ಇರೋ ತಳಿಯನ್ನ ಆರಿಸೋಕೆ ಹಾಕೋ ಆಂಟಿಬಯೋಟಿಕ್) ಏರಿಸ್ತಾ ಹೋಗಿ ಎಂಟೋ ಒಂಬತ್ತೋ ಕಾಪಿ ಇರೋದನ್ನ ಹಿಡಿದ್ವಿ, ಫ್ಲಾಸ್ಕಲ್ಲಿ ಚೆನ್ನಾಗೇ ಇತ್ತು, ಫರ್ಮೆಂಟರಿಗೆ ಹಾಕಿ, ಪ್ರೋಟೀನ್ ತಯಾರಿಕೆ ಚಾಲೂ ಮಾಡೋ ಮೆಥನಾಲ್ ಶುರು ಮಾಡಿದ ಎರಡನೇ ದಿನಕ್ಕೇ ಬೆಳವಣಿಗೆ ನಿಂತೋಯ್ತು. ಪ್ರೋಟೀನಿನ ಆಕಾರ ಹಿಡಿದಿಡೋ ಡೈಸಲ್ಫೈಡ್ ಕೊಂಡಿ ಸರಿಯಾಗಿ ಕೂತ್ಕೊಳ್ದೆ ಪ್ರೋಟೀನು ಕೋಶದೊಳಗೇ ಸಿಕ್ಕಾಕೊಂಡಿತ್ತು. ಹೊರಗೆ ಬಂದಿದ್ದು ಲೀಟರಿಗೆ ಅರ್ಧ ಗ್ರಾಂ ಇದ್ರೆ ಹೆಚ್ಚು.

ಹಿಂಗೆ ಏಳು ರನ್ ಹೋದ್ವು. ದುಡ್ಡು ಕರಗಿದ್ದು ಯೀಸ್ಟ್ ಬೆಳೆಸೋ ಮೀಡಿಯಾಗಲ್ಲ, ಆಕ್ಸಿಜನ್ ಸಿಲಿಂಡರಿಗೆ ಮತ್ತೆ ಪ್ರೋಟೀನ್ ಸೋಸೋ ಮೆಂಬ್ರೇನಿಗೆ. ನೊರೆ ಬಂತು ಅಂತ ಆಂಟಿಫೋಮ್ ಸುರಿದ್ವಿ, ಅದು ಹೋಗಿ 10 ಕಿಲೋಡಾಲ್ಟನ್ (ಅಣು ತೂಕದ ಅಳತೆ) ಮೆಂಬ್ರೇನ್‌ಗೆ ಮೆತ್ಕೊಂಡು ಫ್ಲಕ್ಸ್ (ಸೋಸಿ ಹೋಗೋ ವೇಗ) ಕಾಲು ಭಾಗಕ್ಕಿಳೀತು, ಕಾಸ್ಟಿಕ್ಕಲ್ಲಿ ಎಷ್ಟು ತೊಳೆದ್ರೂ ವಾಪಸ್ ಬರ್ಲಿಲ್ಲ, ಹೊಸದೇ ತಗೋಬೇಕಾಯ್ತು. ಅವತ್ತು ನಿಜವಾಗ್ಲೂ ಅಳು ಬಂದಿತ್ತು.

ಆಮೇಲೆ ಎರಡು ಕಾಪಿಯದ್ದನ್ನೇ ತಗೊಂಡು, ಇಂಡಕ್ಷನ್ (ಮೆಥನಾಲ್ ಕೊಡೋ) ಟೈಮಲ್ಲಿ 30 ಡಿಗ್ರಿಯಿಂದ 24ಕ್ಕೆ ಇಳಿಸಿ, ಮೆಥನಾಲ್ ಫೀಡ್ ಸುಮಾರು ಅರ್ಧ ಮಾಡಿದೆ. ಡಿಒ (ದ್ರವದಲ್ಲಿ ಕರಗಿರೋ ಆಕ್ಸಿಜನ್) ಬೀಳೋದು ನಿಂತಿತು, ಸಿಲಿಂಡರ್ ಖರ್ಚು ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಬಂತು. ಪ್ರೋಟೀನನ್ನ ಸೈಜಿನ ಪ್ರಕಾರ ಬೇರೆ ಮಾಡಿ ತೋರಿಸೋ ಜೆಲ್ಲಲ್ಲಿ, ನಮ್ಮ ಪ್ರೋಟೀನಿನ 18 ಕಿಲೋಡಾಲ್ಟನ್ ಕೆಳಗೆ ಕಾಣ್ತಿದ್ದ ತುಂಡು ಬ್ಯಾಂಡುಗಳೂ ಮಾಯ, ಪ್ರೋಟೀನ್ ಕತ್ತರಿಸೋ ಪ್ರೋಟಿಯೇಸ್ ಕಾಟ ಇದ್ದಿದ್ದು ಕೋಶಗಳು ಒಡೀತಿದ್ದಿದ್ರಿಂದ್ಲೇ. ಮೊದಲು ಯೀಸ್ಟ್ ಬೆಳೆಸೋಕೆ ಕೊಡೋ ಗ್ಲಿಸರಾಲಿಂದ ಮೆಥನಾಲಿಗೆ ದಾಟಿಸೋ ಆ ಕೆಲವು ಗಂಟೆ ಫೀಡ್ ಹೆಂಗೆ ನಡೆಸ್ತೀನಿ, ಆಂಟಿಫೋಮ್ ಯಾವಾಗ ಹಾಕ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಎರಡು ವರ್ಷ ಸವೆಸಿದೀನಿ.

ನಡುವೆ ಮೊಟ್ಟೆ ಬಿಳಿಯ ಪ್ರೋಟೀನ್ ಓವಾಲ್ಬುಮಿನ್ನೂ ನೋಡಿದೆ, ಅದೇ ಯೀಸ್ಟು, ಜೀನ್ ಒಯ್ಯೋ ಅದೇ ವೆಕ್ಟರು. ಪಿಕಿಯಾ ಅದಕ್ಕೆ ಸಕ್ಕರೆ ಸರಪಳಿ ಅಂಟಿಸಿ ಅಂಟಿಸಿ ಜೆಲ್ಲಲ್ಲಿ ಬ್ಯಾಂಡಿನ ಬದ್ಲು ಬರೀ ಬಳಿದ ಹಾಗೆ ಕಾಣ್ತು. ನೊರೆ ಮಾತ್ರ ಚೆನ್ನಾಗೇ ನಿಲ್ತಿತ್ತು, ಇನ್ನೊಂದ್ಸಲ ಮುಟ್ಟೇ ಮುಟ್ತೀನಿ.

ಈಗ ಲೀಟರಿಗೆ ಆರೇಳು ಗ್ರಾಂ, ಬೇರೆ ಬೇರೆ ಬ್ಯಾಚಲ್ಲಿ ನಾಲ್ಕು ಸಲ. ಪುಡಿ ಕರಗಿಸಿ 80 ಡಿಗ್ರಿಗೆ ಕಾಯಿಸಿದ್ರೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಲೋಟ ತಲೆಕೆಳಗೆ ಮಾಡಿದ್ರೂ ಬೀಳಲ್ಲ, ಯೀಸ್ಟ್ ವಾಸನೆಯೂ ಇಲ್ಲ. ಎರಡು ಕಾಪಿಯಲ್ಲಿ ಏನಾಗುತ್ತೆ ಅಂದವರೇ ಈಗ ಗ್ಲಿಸರಾಲ್ ಸ್ಟಾಕ್ (ಫ್ರೀಜರಲ್ಲಿ ಕಾಪಾಡಿಟ್ಟ ಯೀಸ್ಟ್ ತಳಿ) ಒಂದು ವಯಲ್ ಕೊಡ್ತೀರಾ ಅಂತ ಕೇಳ್ತಿದಾರೆ.